ಹಳೆಯ ಬಾಡಿಗೆ ಬಾಕಿ: ಸಹಿಗೆ ಮುನ್ನ

ತುಮಕೂರಿನ ಎಸ್.ಎಸ್. ಪುರಂ ಮನೆಯನ್ನು 2020ರಲ್ಲಿ ಬಿಟ್ಟಾಗ ಉಳಿದ ಎರಡು ತಿಂಗಳ ಬಾಡಿಗೆಯನ್ನು ಈಗ ವಸೂಲಿ ಏಜೆಂಟರೊಬ್ಬರು ಬಡ್ಡಿ ಸೇರಿಸಿ ಕೇಳುತ್ತಿದ್ದಾರೆ, ಕೊಡಬೇಕೇ ಎಂದು ತಾವು ಕೇಳಿದ್ದೀರಿ. 1963ರ ಕಾಲಮಿತಿ ಕಾಯ್ದೆಯಂತೆ ಬಾಡಿಗೆ ಬಾಕಿಗೆ ದಾವೆ ಹೂಡಲು, ಅದು ಸಲ್ಲಬೇಕಾದ ದಿನದಿಂದ 3 ವರ್ಷಗಳ ಅವಕಾಶವಿದೆ. ಆ ಅವಧಿಯೊಳಗೆ ತಾವು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದ್ದರೆ ಮಾತು ಬೇರೆ. ಅವಧಿ ಮೀರಿದ್ದರೂ, ಕೊಡುತ್ತೇನೆಂದು ಈಗ ಬರೆದು ಸಹಿ ಹಾಕಿದರೆ 1872ರ ಕರಾರು ಕಾಯ್ದೆಯ 25(3)ನೇ ಕಲಮಿನಡಿ ಅದೇ ಹೊಸ ಕರಾರಾಗಬಹುದು. ಆದ್ದರಿಂದ ಏಜೆಂಟರು ಮುಂದಿಡುವ ಕಾಗದಕ್ಕೆ ಆತುರದಿಂದ ಸಹಿ ಹಾಕಬೇಡಿ. ನ್ಯಾಯಾಲಯದ ದಾರಿ ಮುಚ್ಚಿದರೂ ಋಣ ಅಳಿಯುವುದಿಲ್ಲ, ತೀರಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಮೊದಲು ಮಾಲೀಕರು ಏಜೆಂಟರಿಗೆ ಕೊಟ್ಟ ಅಧಿಕಾರಪತ್ರವನ್ನು ಕೇಳಿ, ತಮ್ಮ ಅಡ್ವಾನ್ಸ್ ಕಳೆದ ಲೆಕ್ಕವನ್ನು ಪಡೆದು, ಉಳಿದ ಮೊತ್ತವನ್ನು ಮಾಲೀಕರ ಬ್ಯಾಂಕ್ ಖಾತೆಗೇ ಜಮಾ ಮಾಡಿ, ಬಾಕಿ ಪೂರ್ತಿ ಚುಕ್ತಾ ಆಗಿದೆಯೆಂಬ ರಸೀದಿಯನ್ನು ಅವರ ಸಹಿಯೊಂದಿಗೆ ಪಡೆಯಿರಿ.