ಮೋಜಣಿ ಮಾತು: ಹೊಲದಲ್ಲಿಲ್ಲದ ಒಂದು ಗುಂಟೆ

ಪ್ರಶ್ನೆ: ನಮ್ಮ 4 ಎಕರೆ 19 ಗುಂಟೆ ಎರೆಹೊಲವನ್ನು ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಳ್ಳಬೇಕಿದೆ. ಅಣ್ಣನ ಮಗ ತಲಾ 60 ಗುಂಟೆ ಎನ್ನುತ್ತಾನೆ. ನನ್ನ ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕಿ, ತಲಾ 6036.5608 ಚದರ ಮೀಟರ್ ಎಂಬುದೇ ಕರಾರುವಾಕ್ಕು ಎನ್ನುತ್ತಾಳೆ. ವಾಟ್ನಿ ಪತ್ರದಲ್ಲಿ (ಪಾಲು ಹಂಚಿಕೆಯ ಪತ್ರದಲ್ಲಿ) ಯಾವುದನ್ನು ಬರೆಯಿಸಬೇಕು?
- ಓದುಗರು, ರೋಣ ತಾಲ್ಲೂಕು

ಉತ್ತರ: ಎರಡೂ ಬೇಡ. ಎಕರೆಗೆ 40 ಗುಂಟೆಯಂತೆ ನಿಮ್ಮ ಹೊಲ 179 ಗುಂಟೆ. ತಲಾ 60 ಎಂದು ಬರೆದರೆ ಮೊತ್ತ 180 ಆಗುತ್ತದೆ. ಆ ಹೆಚ್ಚಿನ ಗುಂಟೆ ಹೊಲದಲ್ಲಿಲ್ಲ. ಮೊದಲಿಬ್ಬರು 60 ಅಳೆದುಕೊಂಡರೆ ಕೊನೆಯವರಿಗೆ ಉಳಿಯುವುದು 59. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1089 ಚದರ ಅಡಿ. ಇಷ್ಟು ಜಾಗಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದನ್ನು ನವಲಗುಂದದ ಕಡೆ ನಾನೇ ನೋಡಿದ್ದೇನೆ. ಅಂದು ಬಹಳ ಸಂಕಟವಾಗಿತ್ತು.

ಮಗಳು ನಡುವೆ ಎಲ್ಲಿಯೂ ಅಂಕಿ ಕತ್ತರಿಸದೆ ಭಾಗಿಸಿದ್ದು ಸರಿಯಾದ ಕ್ರಮ. ಆದರೆ ಬಂದ ಉತ್ತರದ ಅಂಕಿಗಳನ್ನೆಲ್ಲ ನಂಬಬಾರದು. ನಿಮ್ಮ ಪಾಲು ಸುಮಾರು 110 ಮೀಟರ್ ಉದ್ದ, 55 ಮೀಟರ್ ಅಗಲ ಇದೆ ಎನ್ನೋಣ. ಬಿರುಕುಬಿಟ್ಟ ಎರೆಮಣ್ಣಿನ ಮೇಲೆ, ವಾಲಿದ ಗಡಿಕಲ್ಲಿನಿಂದ ಟೇಪು ಹಿಡಿದಾಗ ಎರಡೂ ಕಡೆ ಐದೈದು ಸೆಂಟಿಮೀಟರ್ ತಪ್ಪಿದರೂ ಕ್ಷೇತ್ರದಲ್ಲಿ 8 ಚದರ ಮೀಟರಿಗೂ ಹೆಚ್ಚು ವ್ಯತ್ಯಾಸ ಬರಬಹುದು. 6036ರ ಕೊನೆಯ 6ಕ್ಕೇ ಭರವಸೆಯಿಲ್ಲದಿರುವಾಗ ದಶಾಂಶದ ನಾಲ್ಕು ಅಂಕಿಗಳಿಗೆ ಅರ್ಥವೇನು?

ಹಾಗೆಂದು ದಶಾಂಶದ ಸೊನ್ನೆಯೆಲ್ಲ ವ್ಯರ್ಥವಲ್ಲ. ನಾನು ಕೆಲಸ ಕಲಿಯುತ್ತಿದ್ದಾಗ ಧಾರವಾಡದ ಹಿರಿಯ ಮೋಜಣಿದಾರರೊಬ್ಬರು ನನ್ನ ಅಳತೆ ಪುಸ್ತಕದಲ್ಲಿದ್ದ 12.5 ಮೀಟರನ್ನು 12.50 ಎಂದು ತಿದ್ದಿಸಿದ್ದರು. ಟೇಪಿನ ಸೆಂಟಿಮೀಟರ್ ಗೆರೆಯವರೆಗೂ ಕಣ್ಣಿಟ್ಟು ಓದಿದ್ದೇನೆ ಎಂಬುದಕ್ಕೆ ಆ ಸೊನ್ನೆ ಸಾಕ್ಷಿ. ಓದದೆ ಬರೆದರೆ ಅದು ಸುಳ್ಳು ಸಾಕ್ಷಿ.

ಈಗ ನಿಮ್ಮ ಹಂಚಿಕೆ. ಗುಂಟೆಗೆ 16 ಆಣೆ, ಹಾಗಾಗಿ 179 ಗುಂಟೆಗೆ 2864 ಆಣೆ. ಮೂರರಿಂದ ಭಾಗಿಸಿದರೆ 954 ಬಂದು ಎರಡು ಆಣೆ ಉಳಿಯುತ್ತದೆ. ಇಬ್ಬರಿಗೆ 955, ಒಬ್ಬರಿಗೆ 954 ಎಂದು ಮಾಡಿಕೊಳ್ಳಿ. ಅಂದರೆ ಇಬ್ಬರಿಗೆ 1 ಎಕರೆ 19 ಗುಂಟೆ 11 ಆಣೆ, ಇನ್ನೊಬ್ಬರಿಗೆ 1 ಎಕರೆ 19 ಗುಂಟೆ 10 ಆಣೆ. ಒಂದು ಆಣೆ ಎಂದರೆ ಸುಮಾರು 68 ಚದರ ಅಡಿ. ಅದನ್ನು ಯಾರು ಬಿಟ್ಟುಕೊಡಬೇಕು ಎಂಬುದನ್ನು ಮನೆಯಲ್ಲೇ ಕುಳಿತು ತೀರ್ಮಾನಿಸಿ. ಪತ್ರಕ್ಕೆ ಸಹಿ ಹಾಕುವ ಮೊದಲು ಮೂರೂ ಪಾಲುಗಳನ್ನು ನೀವೇ ಕೂಡಿಸಿ ನೋಡಿ. ಮೊತ್ತ ಸರಿಯಾಗಿ 4 ಎಕರೆ 19 ಗುಂಟೆ ಬರಬೇಕು.