ಅರ್ಧಕ್ಕೆ ನಿಂತ ಐದು ಹೆಣಿಗೆ, ಬೀರು ತುಂಬ ಉಲ್ಲನ್: ಏನು ಮಾಡಲಿ?

ನೀವು ಕೇಳಿದ್ದು ಇಷ್ಟು. ಹಾಸನದಲ್ಲಿದ್ದೀರಿ. ಐದು ಹೆಣಿಗೆ ಅರ್ಧಕ್ಕೆ ನಿಂತಿವೆ: ನಾದಿನಿಯ ಮಗುವಿಗೆ ಸ್ವೆಟರ್, ಮಾವನವರಿಗೆ ಮಫ್ಲರ್, ಗಂಡನಿಗೆ ತೋಳಿಲ್ಲದ ಸ್ವೆಟರ್, ನಿಮಗೊಂದು ಶಾಲು, ಒಂದು ಜೊತೆ ಕಾಲುಚೀಲ. ಬೀರುವಿನ ಕೆಳಗಿನ ಅರೆ ಪೂರ್ತಿ ಉಲ್ಲನ್. ಆದರೂ ಅಂಗಡಿಗೆ ಹೋದರೆ ಕೈ ಸುಮ್ಮನಿರುವುದಿಲ್ಲ. ಅತ್ತೆಯವರು "ಒಂದು ಮುಗಿಸಿ ಇನ್ನೊಂದು ಹಿಡಿ" ಅಂತಾರೆ. ಅವರು ಹೇಳೋದೇ ಸರೀನಾ, ಉಲ್ಲನ್ ಕೊಳ್ಳುವುದನ್ನೇ ನಿಲ್ಲಿಸಬೇಕಾ ಅಂತ ನಿಮ್ಮ ಪ್ರಶ್ನೆ.

ನಾನು ಮೂಡಿಗೆರೆ ಕಡೆಯವಳು. ಇಲ್ಲಿ ಜೂನ್ ಕಳೆದರೆ ಹೊರಗಿನ ಕೆಲಸ ಕಮ್ಮಿ, ಕೈಗೆ ಕಡ್ಡಿ ಬರುವುದು ಆಗಲೇ. ನನಗೂ ಯಾವಾಗಲೂ ಒಂದಕ್ಕಿಂತ ಜಾಸ್ತಿ ಹೆಣಿಗೆ ನಡೆಯುತ್ತಿರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಕಷ್ಟ ಬರುವುದು ಬೇರೆ ಕಡೆ. ನಿಲ್ಲಿಸಿದ ಹೆಣಿಗೆ ಎಲ್ಲಿಗೆ ಬಂದಿತ್ತು ಅನ್ನೋದು ಮರೆತುಹೋದರೆ ಕಷ್ಟ. ಲೆಕ್ಕವಿಲ್ಲದೆ ಒಂದೊಂದೇ ಉಂಡೆ ತಂದಿಟ್ಟರೆ ಕಷ್ಟ. ಇವೆರಡನ್ನು ಸರಿಮಾಡಿಕೊಂಡರೆ ಐದಲ್ಲ, ಏಳಿದ್ದರೂ ನಡೆಯುತ್ತದೆ.

ಮೊದಲು ಹೆಣಿಗೆ ವಿಷಯ. ಒಂದೇ ಥರದ ಎರಡು ಕೆಲಸ ಒಟ್ಟಿಗೆ ಹಿಡಿಯಬೇಡಿ. ಕರೆಂಟ್ ಹೋದಾಗ, ಬಸ್ಸಿನಲ್ಲಿ, ಮಾತಾಡುತ್ತಾ ಹೆಣೆಯುವುದಕ್ಕೆ ಬರೀ ಸೀದಾ ಸಾಲಿನದೊಂದು ಇರಲಿ. ನಿಮ್ಮ ಮಫ್ಲರ್ ಅದಕ್ಕೆ ಸರಿ. ಲೆಕ್ಕ ಹಿಡಿದು ಕೂರಬೇಕಾದ ಡಿಸೈನಿನದು ಇನ್ನೊಂದು, ಬಹುಶಃ ಶಾಲು. ಇವೆರಡೂ ಒಂದರ ಹೊತ್ತನ್ನು ಇನ್ನೊಂದು ತಿನ್ನುವುದಿಲ್ಲ. ಡಿಸೈನಿನ ಶಾಲು ಎರಡೆರಡು ಒಟ್ಟಿಗೆ ಹಿಡಿದರೆ ಮಾತ್ರ ಎರಡೂ ನಿಲ್ಲುತ್ತವೆ.

ಒಂದೊಂದು ಹೆಣಿಗೆಗೂ ಒಂದೊಂದು ಬಟ್ಟೆಯ ಚೀಲ ಮಾಡಿ. ಅದರೊಳಗೆ ಒಂದು ರಟ್ಟಿನ ಚೀಟಿ. ಯಾರಿಗೆ, ಎದೆಯ ಸುತ್ತಳತೆ ಎಷ್ಟು, ಎಷ್ಟು ಕುಣಿಕೆ ಹಾಕಿದ್ದು, ಯಾವ ಕಡ್ಡಿ, ಎಷ್ಟನೇ ಸಾಲಿನಲ್ಲಿ ನಿಂತಿದೆ, ಮುಂದಿನ ಸಾಲಿನಲ್ಲಿ ಏನು ಮಾಡಬೇಕು. ಈ ಕೊನೆಯದ್ದೇ ಎಲ್ಲಕ್ಕಿಂತ ಮುಖ್ಯ. "ತೋಳಿನ ಕಡೆ ಎರಡೆರಡು ಕುಣಿಕೆ ಕಳೆಯಬೇಕು" ಅಂತ ಒಂದು ಸಾಲು ಬರೆದಿಟ್ಟರೆ ಮೂರು ತಿಂಗಳು ಬಿಟ್ಟು ಬಂದರೂ ಕೂತ ಕಡೆಯೇ ಶುರು ಮಾಡಬಹುದು. ಜೊತೆಗೆ ಉಂಡೆಯ ಲೇಬಲ್ಲನ್ನೂ ಆ ಚೀಟಿಗೆ ಪಿನ್ ಮಾಡಿ. ಎಷ್ಟೋ ಹೆಣಿಗೆ ನಿಂತುಹೋಗುವುದು ಬೇಜಾರಿನಿಂದಲ್ಲ. ಎಲ್ಲಿಂದ ಶುರು ಮಾಡುವುದು ಗೊತ್ತಾಗದೆ ನಿಲ್ಲುತ್ತವೆ.

ಕಡ್ಡಿಯ ನಂಬರ್ ಬರೆಯುವಾಗ ಮಿಲಿಮೀಟರಿನಲ್ಲೇ ಬರೆಯಿರಿ. ನಮ್ಮ ಅಂಗಡಿಯವರು 8ನೇ ನಂಬರ್ ಅಂದರೆ 4 ಮಿ.ಮೀ., 10ನೇ ನಂಬರ್ ಅಂದರೆ 3.25 ಮಿ.ಮೀ. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ ಲೆಕ್ಕ ಇದಕ್ಕೆ ಉಲ್ಟಾ, ಅಲ್ಲಿನ 8 ಅಂದರೆ 5 ಮಿ.ಮೀ. ಯೂಟ್ಯೂಬ್ ನೋಡಿ ಹೆಣೆಯುವವರಿಗೆ ಇದು ಗೊತ್ತಿರಲೇಬೇಕು. ಬರೀ "8" ಅಂತ ಬರೆದಿಟ್ಟರೆ ಮುಂದೆ ಯಾವ 8 ಅಂತ ನಿಮಗೇ ಗೊತ್ತಾಗುವುದಿಲ್ಲ.

ತುಂಬಾ ದಿನ ಮುಟ್ಟುವುದಿಲ್ಲ ಅನ್ನಿಸಿದ ಹೆಣಿಗೆಯನ್ನು ಕಡ್ಡಿಯ ಮೇಲೆ ಬಿಡಬೇಡಿ. ದಪ್ಪ ಕಣ್ಣಿನ ಮೊಂಡು ಸೂಜಿಗೆ ಬೇರೆ ಬಣ್ಣದ ನುಣುಪಾದ ಹತ್ತಿ ದಾರ ಪೋಣಿಸಿ. ಕಡ್ಡಿಯ ಮೇಲಿರುವ ಕುಣಿಕೆಗಳನ್ನು ಒಂದೊಂದಾಗಿ ಆ ದಾರಕ್ಕೆ ದಾಟಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿ. ಕಡ್ಡಿ ಬಿಡುವಾಯಿತು, ಕುಣಿಕೆ ಜಾರುವುದಿಲ್ಲ. ಕಡ್ಡಿಯಲ್ಲೇ ಬಿಟ್ಟರೆ ಆ ಸಾಲು ಹಿಗ್ಗಿ ಅಡ್ಡಗೆರೆಯಂತೆ ಕಾಣುತ್ತದೆ. ಉಕ್ಕಿನ ಕಡ್ಡಿಯಾದರೆ ನಮ್ಮ ಮಳೆಗೆ ತುಕ್ಕಿನ ಕಲೆಯೂ ಹತ್ತುತ್ತದೆ. ಮತ್ತೆ ಹಿಡಿದಾಗ ಒಂದೆರಡು ಸಾಲು ಬಿಚ್ಚಿ ಹೊಸದಾಗಿ ಹೆಣೆಯಿರಿ. ಕೈಯ ಬಿಗಿ ದಿನಕ್ಕೊಂದು ಥರ ಇರುತ್ತದೆ, ಆದ್ದರಿಂದ ಹೆಣೆದ ಭಾಗ ಅಳೆದು ನೋಡಿ. 10 ಸೆಂಟಿಮೀಟರಿಗೆ ಮೊದಲು ಎಷ್ಟು ಕುಣಿಕೆ ಬರುತ್ತಿತ್ತೋ ಈಗಲೂ ಅಷ್ಟೇ ಬರಬೇಕು. ಜಾಸ್ತಿ ಬಂದರೆ ಕೈ ಬಿಗಿಯಾಗಿದೆ, ಕಡ್ಡಿ ಸ್ವಲ್ಪ ದಪ್ಪದ್ದು ತಗೊಳ್ಳಿ.

ಇನ್ನು ಉಲ್ಲನ್. ಕೊಳ್ಳುವುದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಆದರೆ ಚೆಂದ ಕಂಡಿತು ಅಂತ ಒಂದು ಉಂಡೆ, ಇನ್ನೊಂದು ಬಣ್ಣದ ಎರಡು ಉಂಡೆ, ಹೀಗೆ ತರಬೇಡಿ. ಒಂದು ಉಡುಪಿಗೆ ಸಾಕಾಗುವಷ್ಟನ್ನು ಒಂದೇ ಸಲಕ್ಕೆ ತನ್ನಿ, ಇಲ್ಲವೇ ತರಲೇಬೇಡಿ. ದೊಡ್ಡವರ ತುಂಬುತೋಳಿನ ಸ್ವೆಟರಿಗೆ ಸುಮಾರು 400ರಿಂದ 500 ಗ್ರಾಂ ಬೇಕು, ಮೈಕಟ್ಟು ದೊಡ್ಡದಾದರೆ ಇನ್ನೂ ಜಾಸ್ತಿ. ಹಾಲುಗೂಸಿನದಕ್ಕೆ 100ರಿಂದ 150 ಗ್ರಾಂ ಸಾಕು. ಲೇಬಲ್ಲಿನಲ್ಲಿ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರ್, ಅಂದರೆ ಯಾವ ಸಲ ಬಣ್ಣ ಹಾಕಿದ್ದು ಅನ್ನುವ ಗುರುತು, ಇರುತ್ತದೆ, ಎಲ್ಲ ಉಂಡೆಯಲ್ಲೂ ಅದು ಒಂದೇ ಇದೆಯಾ ನೋಡಿ. ಲಾಟ್ ಬೇರೆಯಾದರೆ ಒಂದೇ ಬಣ್ಣ ಅಂತ ತಂದದ್ದೂ ಬಿಸಿಲಿನಲ್ಲಿ ಬೇರೆ ಕಾಣುತ್ತದೆ. ಈಗಾಗಲೇ ಅಂಥದ್ದು ನಿಮ್ಮ ಹತ್ತಿರ ಇದ್ದರೆ, ಒಂದು ಲಾಟಿನದು ಎರಡು ಸಾಲು, ಇನ್ನೊಂದು ಲಾಟಿನದು ಎರಡು ಸಾಲು ಹೆಣೆಯುತ್ತಾ ಹೋಗಿ. ವ್ಯತ್ಯಾಸ ಹರಡಿಹೋಗುತ್ತದೆ, ಗೆರೆ ಬೀಳುವುದಿಲ್ಲ.

ಅರ್ಧ ಉಂಡೆಗಳನ್ನು ಕಣ್ಣಳತೆಯಲ್ಲಿ ನಂಬಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಲೇಬಲ್ಲಿನಲ್ಲಿ 100 ಗ್ರಾಮಿಗೆ 200 ಮೀಟರ್ ಅಂತಿದ್ದು, ಉಳಿದದ್ದು 35 ಗ್ರಾಂ ಆದರೆ ನಿಮ್ಮ ಕೈಯಲ್ಲಿ 70 ಮೀಟರ್ ಇದೆ. ಕೊನೆಯ ಸಾಲು ಮುಚ್ಚುವುದಕ್ಕೆ ಅಗಲದ ಮೂರರಿಂದ ನಾಲ್ಕು ಪಟ್ಟು ದಾರ ಬೇಕು, ಅದನ್ನು ಎತ್ತಿಟ್ಟುಕೊಳ್ಳಿ.

ತೂಕದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ಕುರಿ ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆ ನಾಟಿ ಮಾಡಿದವರಿಗೆ ಇದು ಹೇಳಿಕೊಡಬೇಕಿಲ್ಲ. ಅದರಿಂದ ಜುಲೈನಲ್ಲಿ ತೂಗಿದ ಉಣ್ಣೆ ಉಂಡೆ ಫೆಬ್ರವರಿಯಲ್ಲಿ ತೂಗಿದ್ದಕ್ಕಿಂತ ಭಾರ ಬರುತ್ತದೆ, ಆದರೆ ದಾರದ ಉದ್ದ ಅಷ್ಟೇ. ಮಳೆಗಾಲದ ತೂಕ ನಂಬಿ ಲೆಕ್ಕ ಹಾಕಿದರೆ ಕೊನೆಗೆ ದಾರ ಸಾಲದೆ ಬರುತ್ತದೆ. ಅಕ್ರಿಲಿಕ್ ಅನ್ನುವ ಕೃತಕ ದಾರ ತೇವ ಹೀರುವುದು ತುಂಬಾ ಕಮ್ಮಿ, ಅದನ್ನು ಯಾವಾಗ ತೂಗಿದರೂ ಒಂದೇ.

ಲೇಬಲ್ ಕಳೆದುಹೋದ ಉಂಡೆ ಉಣ್ಣೆಯೋ ಅಕ್ರಿಲಿಕ್ಕೋ ಗೊತ್ತಾಗಬೇಕಾ? ಬೆರಳುದ್ದ ದಾರ ಇಕ್ಕಳದಲ್ಲಿ ಹಿಡಿದು, ಬಚ್ಚಲಿನಲ್ಲೋ ಸಿಂಕಿನ ಮೇಲೋ ಬೆಂಕಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ, ಆರುವ ತನಕ ಮುಟ್ಟಬೇಡಿ. ಆಮೇಲೆ ಎರಡನ್ನೂ ಬೇರೆ ಬೇರೆ ಇಡಿ. ಹುಳ ತಿನ್ನುವುದು ಉಣ್ಣೆಯನ್ನೇ. ಹಾರಾಡುವ ನುಸಿ ಏನೂ ತಿನ್ನುವುದಿಲ್ಲ, ಅದು ಇಟ್ಟ ಮೊಟ್ಟೆಯಿಂದ ಬರುವ ಹುಳ ತಿನ್ನುತ್ತದೆ. ಬೆವರು, ಎಣ್ಣೆ, ಊಟದ ಕಲೆ ಇದ್ದ ಕಡೆ ಮೊದಲು ಹೋಗುತ್ತದೆ. ಆದ್ದರಿಂದ ಹಾಕಿ ತೆಗೆದ ಸ್ವೆಟರನ್ನು ಒಗೆಯದೆ ಉಂಡೆಗಳ ಜೊತೆ ತುರುಕಬೇಡಿ. ಮಳೆ ಬಿಟ್ಟು ಒಳ್ಳೆ ಬಿಸಿಲು ಬಂದ ದಿನ ಎಲ್ಲ ಹೊರಗೆ ಹರಡಿ, ಕೊಡವಿ, ಆರಿಸಿ, ಪೂರ್ತಿ ಒಣಗಿದ ಮೇಲೇ ಮುಚ್ಚಳದ ಡಬ್ಬಕ್ಕೆ ಹಾಕಿ. ತೇವದಲ್ಲಿ ಮುಚ್ಚಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಬಣ್ಣ ಮಾಸುವಂಥದ್ದಾದರೆ ಜಗುಲಿಯ ನೆರಳಿನ ಗಾಳಿಯೇ ಸಾಕು.

ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಮಗುವಿಗೆ ಹೆಣೆಯುವ ಉಲ್ಲನ್ ಇರುವ ಕಡೆ ನುಸಿಗುಳಿಗೆ ಹಾಕಬೇಡಿ. ಅದರಲ್ಲಿರುವ ನ್ಯಾಫ್ತಲಿನ್, ಜಿ6ಪಿಡಿ ಅನ್ನುವ ಕಿಣ್ವ ಕಮ್ಮಿ ಇರುವ ಹಸುಗೂಸುಗಳ ರಕ್ತದ ಕಣಗಳನ್ನು ಒಡೆಯುತ್ತದೆ, ಕಾಮಾಲೆ ಜೋರಾಗುತ್ತದೆ. ಬಟ್ಟೆಗೆ ಹತ್ತಿದ ವಾಸನೆಯಿಂದಲೇ ಹಾಗಾಗಬಹುದು. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಮನೆಯವರಿಗೆ ಗೊತ್ತೇ ಇರುವುದಿಲ್ಲ, ಅಲ್ವಾ?

ಚೂರುಪಾರು ಉಳಿದದ್ದನ್ನು ಬಾಗಿಲಿನ ತೋರಣಕ್ಕೆ, ಟೋಪಿಯ ಪಟ್ಟಿಗೆ ಬಳಸಿ. ಬಿಚ್ಚಿದ ಹಳೇ ಸ್ವೆಟರಿನ ದಾರ ಸುರುಳಿಸುರುಳಿಯಾಗಿದ್ದರೆ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೇತುಹಾಕಿ. ನೇರವಾಗುತ್ತದೆ.

ನಿಮ್ಮ ಐದರಲ್ಲಿ ಮೊದಲು ಎತ್ತಿಕೊಳ್ಳಬೇಕಾದದ್ದು ಮಗುವಿನ ಸ್ವೆಟರ್. ಉಳಿದವರು ಕಾಯಬಹುದು, ಮಗು ಬೆಳೆಯುವುದು ಕಾಯುವುದಿಲ್ಲ. ಈಗಾಗಲೇ ತಡವಾಗಿದೆ ಅನ್ನಿಸಿದರೆ ಒಂದು ಅಳತೆ ದೊಡ್ಡದಕ್ಕೆ ಹೆಣೆಯಿರಿ, ತೋಳು ಮಡಚಿ ಹಾಕಬಹುದು. ಕತ್ತಿನ ಹತ್ತಿರ ಒಂದು ಭುಜಕ್ಕೆ ಎರಡು ಗುಂಡಿ ಇಡಿ, ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಬಿಗಿ ಕತ್ತು ತಲೆಯಲ್ಲಿ ಇಳಿಯುವುದಿಲ್ಲ. ಅದರ ಜೊತೆಗೆ ಮಾವನವರ ಮಫ್ಲರ್ ಕೈಯಲ್ಲಿರಲಿ, ಡಿಸೆಂಬರ್ ಚಳಿಗೆ ಮುಗಿಯುತ್ತದೆ. ಉಳಿದ ಮೂರಕ್ಕೆ ಇವತ್ತೇ ಚೀಟಿ ಬರೆದು ದಾರಕ್ಕೆ ದಾಟಿಸಿ. ಮಗುವಿನ ತೋಳಿನ ಲೆಕ್ಕದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ, ಎಷ್ಟು ಕುಣಿಕೆ ಇದೆ ಅಂತ ಕೆಳಗೆ ಬರೆಯಿರಿ. ಲೆಕ್ಕ ಹಾಕಿ ಹೇಳುತ್ತೇನೆ.