ಓದುಗರ ಪ್ರಶ್ನೆ: ಕಸಂ ಪರೇಡ್ ಆದ ಮೇಲೆ ರಜೆ ಎಷ್ಟು?

ಪ್ರಶ್ನೆ: ನಾವು ಗದಗ ಕಡೆಯವರು, ವಾಸ್ಕೋದ ಬೈನಾದಲ್ಲಿದ್ದೇವೆ. ಮಗ ಅಗ್ನಿವೀರ, ಪುಣೆ ಖಡಕಿಯ ಬಾಂಬೆ ಇಂಜಿನಿಯರ್ ಗ್ರೂಪ್ ಸೆಂಟರಿನಲ್ಲಿ ಟ್ರೇನಿಂಗ್ ಮುಗಿಸುತ್ತಿದ್ದಾನೆ. ಕಸಂ ಪರೇಡ್ (ಟ್ರೇನಿಂಗ್ ಕೊನೆಯಲ್ಲಿ ಪ್ರಮಾಣ ಮಾಡುವ ಪರೇಡ್) ಆದ ಮೇಲೆ ಎರಡು ತಿಂಗಳು ರಜೆ ಕೊಡುತ್ತಾರಂತೆ. ಬಂದಾಗಲೇ ಮದುವೆ ಮುಗಿಸಿಬಿಡಬಹುದೇ?

ಉತ್ತರ: ಮದುವೆ ಮಾತು ಮೊದಲು ಬಿಡಿ. ನಾಲ್ಕು ವರ್ಷದ ಸೇವೆಯ ಅವಧಿಯಲ್ಲಿ ಅಗ್ನಿವೀರ ಮದುವೆಯಾಗುವಂತಿಲ್ಲ. ನಿಮಗೆ ಯಾರೋ ಹೇಳಿದ ಎರಡು ತಿಂಗಳು ಹಳೇ ಪದ್ಧತಿಯ ಜವಾನರ ಲೆಕ್ಕ. ಅಗ್ನಿವೀರರಿಗೆ ವರ್ಷಕ್ಕೆ 30 ದಿನ; ಸೈನ್ಯದ ವೈದ್ಯರು ಬರೆದುಕೊಟ್ಟರೆ ಸಿಕ್ ಲೀವ್ ಬೇರೆ. ಪರೇಡ್ ಆದ ಮೇಲೆ ಸಿಗುವ ರಜೆಯೂ ಆ 30ರೊಳಗಿನದೇ ಎಂದು ಲೆಕ್ಕ ಹಿಡಿಯಿರಿ. ಈಗಲೇ ಪೂರ್ತಿ ಸುರಿದರೆ ಚೌತಿಗೋ ತಂಗಿಯ ಸೀಮಂತಕ್ಕೋ ಕೈ ಖಾಲಿ.

ಎಡವುವುದು ಟಿಕೆಟ್ಟಿನಲ್ಲಿ. ರಿಸರ್ವೇಶನ್ 60 ದಿನ ಮೊದಲೇ ತೆರೆಯುತ್ತದೆಂದು ಮನೆಯವರು ಪರೇಡ್ ದಿನವೇ ನೋಡಿ ಗೋವಾ ಎಕ್ಸ್‌ಪ್ರೆಸ್ಸಿಗೆ ಬುಕ್ ಮಾಡುತ್ತಾರೆ. ರಜೆ ಚೀಟಿಗೆ ಸಹಿ ಬೀಳುವುದು ನಾಲ್ಕು ದಿನ ತಡವಾಗಿ. ಚೀಟಿಯಲ್ಲಿ ತಾರೀಕು ಬಿದ್ದ ಮೇಲೆಯೇ ಬುಕ್ ಮಾಡಿ. ಸೈನ್ಯದವರು ರೈಲ್ವೆ ವಾರಂಟ್ (ಪ್ರಯಾಣದ ಚೀಟಿ) ಕೊಟ್ಟಿದ್ದರೆ ಅದೇ ಟಿಕೆಟ್ ಅಲ್ಲ, ಸ್ಟೇಶನ್ ಕೌಂಟರಿನಲ್ಲಿ ಕೊಟ್ಟು ಟಿಕೆಟ್ ಪಡೆಯಬೇಕು. ವಾಪಸಿಗೆ ಕೊನೆಯ ದಿನದ ಗಾಡಿ ಬೇಡ. ಮಳೆಗಾಲದಲ್ಲಿ ಕ್ಯಾಸಲ್‌ರಾಕ್–ಕುಳೆಂ ಘಾಟಿನಲ್ಲಿ ಗುಡ್ಡ ಜರಿದರೆ ಗಾಡಿ ಅಲ್ಲೇ ನಿಂತಿತು. ಎರಡು ದಿನ ಮುಂಚೆ ಹೊರಡಲಿ.

ಇನ್ನೊಂದು: ಯೂನಿಫಾರ್ಮ್ ಫೋಟೋ, ಯೂನಿಟ್ ಹೆಸರು, ಪೋಸ್ಟಿಂಗ್ ಊರು, ಈ ಮೂರನ್ನೂ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವವರು ಹೆಚ್ಚಾಗಿ ಮಾವಂದಿರು. ಹಾಕಬಾರದೆಂದು ಅವರಿಗೂ ತಿಳಿಹೇಳಿ.

ಪ್ರಶ್ನೆ: ರಜೆಯಲ್ಲಿದ್ದಾಗ ಡೆಂಗ್ಯೂ ಬಂದು ತಡವಾದರೆ? (ದಾಪೋಡಿ, ಪುಣೆ)

ಉತ್ತರ: ರಜೆ ಮುಗಿಯುವ ಮೊದಲೇ ಯೂನಿಟ್ಟಿಗೆ ಫೋನ್ ಮಾಡಬೇಕು, ಹತ್ತಿರದ ಸೈನಿಕ ಆಸ್ಪತ್ರೆಗೆ ಹೋಗಬೇಕು. ನಿಮಗೆ ಖಡಕಿಯ ಮಿಲಿಟರಿ ಆಸ್ಪತ್ರೆ ಪಕ್ಕದಲ್ಲೇ ಇದೆ. ವಾಸ್ಕೋದವರಿಗೆ ನೌಕಾಪಡೆಯ ಜೀವಂತಿ ಆಸ್ಪತ್ರೆ. ಅಡ್ಮಿಟ್ ಆದರೆ ದಾಖಲೆ ಅಲ್ಲಿಂದಲೇ ಹುಟ್ಟುತ್ತದೆ. ಖಾಸಗಿ ಡಾಕ್ಟರ ಚೀಟಿಯ ಫೋಟೋ ಕಳಿಸಿ ಸುಮ್ಮನೆ ಮಲಗಿದರೆ ರಜೆ ಬೆಳೆಯುವುದಿಲ್ಲ. ‘ಮಂಜೂರಾಯಿತು’ ಅಂತ ಯೂನಿಟ್ಟಿನಿಂದ ಉತ್ತರ ಬರುವ ತನಕ ಹಳೇ ತಾರೀಕೇ ತಾರೀಕು.

ಸರಿಯಾದ ಕಾರಣವಿಲ್ಲದೆ ರಜೆ ಮೀರುವುದು 1950ರ ಸೇನಾ ಕಾಯ್ದೆಯ 39ನೇ ಕಲಮಿನಡಿ ಅಪರಾಧ. ಕೋರ್ಟ್ ಮಾರ್ಷಲ್ ಆದರೆ 3 ವರ್ಷದವರೆಗೆ ಜೈಲು. ಗೈರುಹಾಜರಿ 30 ದಿನ ಮುಟ್ಟಿದರೆ ವಿಚಾರಣೆ ಕೂರುತ್ತದೆ. ಒಂದೆರಡು ದಿನ ತಡವಾದವನನ್ನು ಯಾರೂ ಜೈಲಿಗೆ ಕಳಿಸಲಿಕ್ಕಿಲ್ಲ, ನಿಜ. ಆದರೆ ದಾಖಲೆಯಲ್ಲಿ ಬಿದ್ದ ಕೆಂಪು ಶಾಯಿ (ಶಿಕ್ಷೆಯ ನಮೂದು) ಅಳಿಸುವುದಿಲ್ಲ, ನಾಲ್ಕು ವರ್ಷದ ನಂತರ ಕಾಯಂ ಆಗುವವರು ಬ್ಯಾಚಿನ ಶೇ. 25ರವರೆಗೆ ಮಾತ್ರ.

ಪ್ರಶ್ನೆ: ಅಗ್ನಿವೀರನ ಸಂಬಳ 30,000 ಅಂದರು, ಕೈಗೆ 21,000 ಬರುತ್ತಿದೆ. ಉಳಿದದ್ದು? (ಮಡಗಾಂವ್)

ಉತ್ತರ: 9,000 ಸೇವಾನಿಧಿಗೆ (ನಾಲ್ಕು ವರ್ಷ ಮುಗಿದಾಗ ಕೈಗೆ ಬರುವ ಗಂಟು) ಹೋಗುತ್ತದೆ, ಸರ್ಕಾರ ಅಷ್ಟೇ ಸೇರಿಸುತ್ತದೆ. ವರ್ಷವರ್ಷ ಸಂಬಳದ ಜೊತೆ ಈ ಕಡಿತವೂ ಏರುವುದರಿಂದ ನಾಲ್ಕು ವರ್ಷಕ್ಕೆ ಅಸಲೇ ಸುಮಾರು 10.04 ಲಕ್ಷ, ಬಡ್ಡಿ ಬೇರೆ. ನಡುವೆ ಬೇಕೆಂದಾಗ ತೆಗೆಯುವ ಖಾತೆಯಲ್ಲ, ಅದನ್ನು ನಂಬಿ ಬೈಕಿಗೆ ಸಾಲ ಮಾಡಬೇಡಿ.